ತಳ ಕಾಣದ ನೀರು

ಮೊನ್ನೆ ಮಗಳು ಗಚ್ಚಿಬೌಲಿಯಲ್ಲಿರುವ ಗೆಳತಿಯ ಅಪಾರ್ಟ್‌ಮೆಂಟಿನಲ್ಲಿ ಈಜಿ ಬಂದಳು. ಒದ್ದೆ ಟವೆಲ್ಲಿನಿಂದ ಕ್ಲೋರಿನ್ ಘಾಟು ಮೂಗಿಗೆ ಬಡಿಯಿತು. ಬಾಲ್ಕನಿಯಲ್ಲಿ ಅದನ್ನು ಹರವುತ್ತಿದ್ದವಳು ಹಾಗೇ ನಿಂತುಬಿಟ್ಟೆ… ನನಗೆ ಈಜು ಕಲಿಸಿದ ಟೀಚರ್ ನೆನಪಾದರು.

ಆಗ ನಾವು ಇದೇ ಊರಿನ ನಾಚಾರಂ ಬಡಾವಣೆಯಲ್ಲಿದ್ದೆವು. ಹತ್ತಿರದ ಸಾರ್ವಜನಿಕ ಈಜುಕೊಳದಲ್ಲಿ ಬೆಳಿಗ್ಗೆ ಹೆಂಗಸರಿಗೊಂದು ಬ್ಯಾಚ್ ಇತ್ತು. ಹಟ ಹಿಡಿದು ಅದನ್ನು ಶುರು ಮಾಡಿಸಿದವರೇ ಟೀಚರ್. ಕಲಬುರಗಿ ಕಡೆಯವರು, ಈ ತೆಲುಗು ಊರಿನಲ್ಲಿ ನನ್ನ ಕನ್ನಡ ಕೇಳಿದ ದಿನದಿಂದ ‘ತಂಗಿ’ ಎಂದೇ ಕರೆಯುತ್ತಿದ್ದರು.

ಆ ಬೇಸಿಗೆ ನೀರು ಸೋಸುವ ಯಂತ್ರ ಕೆಟ್ಟಿತು. ಯಾರೂ ರಿಪೇರಿ ಮಾಡಿಸಲಿಲ್ಲ. ನೀರು ಹಸಿರಾಯಿತು. ಮೇಲೆಲ್ಲ ಕೂದಲು, ಎಣ್ಣೆಜಿಡ್ಡು, ಯಾರದೋ ಗಾಯದ ಪಟ್ಟಿ.

“ತಳಾನೇ ಕಾಣವಲ್ದು. ಯಾರರ ಮುಳುಗಿದ್ರ ಹೆಂಗ ಹುಡುಕಬೇಕ್ರಿ?” ಟೀಚರ್ ಮ್ಯಾನೇಜರನ ಟೇಬಲ್ ಗುದ್ದಿ ಕೇಳಿದರು.

ಅವನೂ ಕನ್ನಡದವನೇ, ಬೀದರ್ ಕಡೆಯವನು. “ಬ್ಲೀಚಿಂಗ್ ಹಾಕ್ಸೀನಲ್ರಿ ಮೇಡಂ. ನಿಮಗ ಬ್ಯಾಡಾದ್ರ ಹೇಳ್ರಿ, ಬ್ಯಾಚ್ ಬಂದ್ ಮಾಡ್ತೀನಿ” ಎಂದ.

ಬ್ಯಾಚ್ ಉಳಿಯಲೆಂದು ಟೀಚರ್ ನಮ್ಮನ್ನು ಆಳವಿಲ್ಲದ ಕಡೆ ಮಾತ್ರ ಇಳಿಸಿದರು. ಒಂದು ದಿನ ಪಾಚಿಗಟ್ಟಿದ ಇಳಿಜಾರು ಟೈಲ್ಸ್ ಮೇಲೆ ನನ್ನ ಕಾಲು ಜಾರಿತು. ಆಳಕ್ಕೆ ಹೋದೆ. ಆಮೇಲೆ ನೆನಪಿರುವುದು ಹಸಿರು ಕತ್ತಲೆಯೊಂದೇ… ಕೊನೆಗೆ ಒಂದು ಕೈ ನನ್ನ ಜಡೆ ಹಿಡಿದೆಳೆಯಿತು. ಟೀಚರ್ ಆ ಕೊಳಕಿನಲ್ಲಿ ಕಣ್ಣು ಬಿಟ್ಟುಕೊಂಡೇ ಮತ್ತೆ ಮತ್ತೆ ಮುಳುಗಿ ತಡಕಾಡಿದ್ದರಂತೆ.

ನಾನು ಬದುಕಿದೆ. ಅವರ ಬಲಗಣ್ಣು ಕೆಂಪಾಯಿತು, ಬಾತಿತು. ಹೊಲಸು ನೀರಿನ ಸೋಂಕು ಎಂದರು ಡಾಕ್ಟರು. ಔಷಧಿ ನಾಟಲಿಲ್ಲ, ಕಣ್ಣಿನಲ್ಲಿ ಹೂ ಬಿದ್ದು ದೃಷ್ಟಿ ಹೋಯಿತು.

ನಾವು ಹೆಂಗಸರೆಲ್ಲ ಹೋಗಿ ಕೂಗಾಡಿದಾಗ ಮ್ಯಾನೇಜರ್ ಚಹಾ ತರಿಸಿದ. “ನಮ್ಮ ನೀರಿಂದಾನೇ ಅಂತ ಹೆಂಗ ಹೇಳ್ತೀರಿ?” ಎಂದ. ಆ ಬಿಸಿ ಚಹಾ ಅವನ ಮುಖಕ್ಕೆ ಎರಚಬೇಕಿತ್ತು ಎಂದು ಇವತ್ತಿಗೂ ಕೈ ತುರಿಸುತ್ತದೆ. ಒಂದು ಕಣ್ಣಿನವರಿಗೆ ಜನರ ಜೀವ ಒಪ್ಪಿಸಲಾಗದೆಂದು ಟೀಚರನ್ನು ಕೆಲಸದಿಂದ ತೆಗೆದರು. ಎರಡೂ ಕಣ್ಣಿದ್ದವನು ಅದೇ ಕುರ್ಚಿಯಲ್ಲಿ ಉಳಿದ!

ಊರಿಗೆ ಹೊರಟ ದಿನ ಟೀಚರ್ ನನ್ನ ಕೈ ಹಿಡಿದು, “ಸಿಟ್ಟು ಬಿಡಬ್ಯಾಡ ತಂಗಿ. ಈಜೂ ಬಿಡಬ್ಯಾಡ” ಎಂದಿದ್ದರು. ನನಗೆ ಸಿಟ್ಟೊಂದೇ ಉಳಿಯಿತು.

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ನನಗೆ ಮುಟ್ಟುವಾಗ ತಿಂಗಳುಗಳೇ ಕಳೆದಿದ್ದವು.

ನಿನ್ನೆ ಆ ಕೊಳಕ್ಕೆ ಹೋದೆ. ಗೋಡೆಗೆ ಹೊಸ ಬಣ್ಣ, ಬೇಸಿಗೆ ತರಬೇತಿಯ ಬ್ಯಾನರ್. ಹೆಂಗಸರ ಬ್ಯಾಚ್ ಎಷ್ಟು ಹೊತ್ತಿಗೆ ಎಂದು ಗೇಟಿನವನನ್ನು ಕೇಳಿದೆ. ಅಂಥದ್ದು ಇಲ್ಲಿ ಎಂದೂ ಇರಲಿಲ್ಲ ಎಂದ.

“ಇತ್ತು” ಎಂದೆ, ರಸ್ತೆಯಲ್ಲಿದ್ದವರು ತಿರುಗಿ ನೋಡುವಷ್ಟು ಜೋರಾಗಿ.