ಬೈಬ್ಯಾಕ್ ಮೀಟಿಂಗ್ ಮತ್ತು ರೇಣವ್ವನ ಬೆರಳು

ಪ್ರೆಸ್ ಮಷಿನ್ ಇಳಿದಾಗ ರೇಣವ್ವನ ಬಲಗೈ ಒಳಗಿತ್ತೋ ಹೊರಗಿತ್ತೋ? ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದ ನನಗೇ ತಿಳಿಯಲಿಲ್ಲ. ಧಡ್ ಎಂದಿತು. ಕಣ್ಣು ಮುಚ್ಚಿದೆ.

"ಹತ್ತೂ ಅದಾವ್ರಿ ಸಾಹೇಬ್ರ, ಎಣಿಸ್ಕೊಳ್ರಿ!"

ಎರಡೂ ಕೈ ಎತ್ತಿ ನಗುತ್ತಿದ್ದಳು. ನಾನು ನಿಜಕ್ಕೂ ಎಣಿಸಿದೆ.

ಇದು ನಡೆದದ್ದು ಕಳೆದ ತಿಂಗಳು, ಪೀಣ್ಯದ ನನ್ನ ಗೆಳೆಯ ಶಿವಣ್ಣನ ಫ್ಯಾಕ್ಟರಿಯಲ್ಲಿ. ರೇಣವ್ವ ಅಲ್ಲಿ ತಗಡು ಒತ್ತುವ ಕೆಲಸದವಳು. ಫ್ಯಾಕ್ಟರಿ ಶುರುವಾದಾಗ ನಾವು ಐವರು ಗೆಳೆಯರು ಷೇರು ಕೊಂಡಿದ್ದೆವು. ಈ ವರ್ಷ ಕೈತುಂಬ ಆರ್ಡರ್, ಕ್ಯಾಶ್ ಮಿಕ್ಕಿದೆ. ಆ ಹಣದಲ್ಲಿ ಕಂಪನಿಯೇ ನಮ್ಮ ಒಂದಿಷ್ಟು ಷೇರುಗಳನ್ನು ಒಳ್ಳೆಯ ಬೆಲೆಗೆ ವಾಪಸ್ ಕೊಳ್ಳಬೇಕು, ಅಂದರೆ ಬೈಬ್ಯಾಕ್. ಅದಕ್ಕೇ ಮೀಟಿಂಗ್. ಅದಕ್ಕೆ ಮುಂಚೆ ಕೆಳಗೆ ಒಂದು ಸುತ್ತು ಹಾಕಲು ಬಂದಿದ್ದೆ. (ನಾನಂತೂ ಮನಸ್ಸಿನಲ್ಲಿ ಹೊಸ ಸೋಫಾದ ಮೇಲೆ ಕೂತೂ ಆಗಿತ್ತು.)

ಆ ಮಷಿನ್ ಇಳಿಯಬೇಕಾದರೆ ಎರಡು ಕೈಯಿಂದ ಎರಡು ಬಟನ್ ಒತ್ತಬೇಕು. ಆಗ ಎರಡೂ ಕೈ ಹೊರಗಿರುತ್ತವೆ. ರೇಣವ್ವ ಒಂದು ಬಟನ್ ಒತ್ತಿಕೊಂಡೇ ಇರುವಂತೆ ರಟ್ಟು ಸಿಕ್ಕಿಸಿದ್ದಳು.

"ಯಾಕಮ್ಮಾ ಹೀಗೆ?"

"ಒಂದ ಕೈ ಖಾಲಿ ಇದ್ರ ಮಾಲು ಲಗೂನ ಇಡಬೌದ್ರಿ. ಎಲ್ಲಾರೂ ಹಿಂಗ ಮಾಡ್ತಾರ್ರಿ."

ಸುತ್ತ ನೋಡಿದೆ. ನಾಲ್ಕೂ ಮಷಿನ್‌ಗಳಲ್ಲಿ ರಟ್ಟು.

ಮೇಲಿನ ಆಫೀಸಿನಲ್ಲಿ ನಡೆದ ಮೀಟಿಂಗ್‌ನಲ್ಲಿ ಮೊದಲು ಬಾಯಿಬಿಟ್ಟವನು ಗೋಪಿ, ನಮ್ಮೈವರಲ್ಲಿ ಲೆಕ್ಕ ಬಲ್ಲವನು. "ಮಿಕ್ಕಿದ್ದು ಷೇರುದಾರರ ದುಡ್ಡು ಗುರು. ಸುಮ್ನೆ ಬಿಟ್ರೆ ಶಿವಣ್ಣ ಇನ್ನೊಂದು ಕಾರ್ ತಗೋತಾನೆ."

ಎಲ್ಲರೂ ನಕ್ಕರು, ಶಿವಣ್ಣನೂ. ಗೋಪಿ ಹೇಳಿದ್ದು ತಪ್ಪೇ? ಅಲ್ಲ. ಕೆಲಸವಿಲ್ಲದೆ ಬಿದ್ದಿರುವ ಹಣ ಹಾಕಿದವರಿಗೆ ವಾಪಸ್ ಬರುವುದೇ ಸರಿ.

ನಾನು ಕಂಡದ್ದನ್ನು ಕಂಡಂತೆಯೇ ಹೇಳಿದೆ. ಕೈ ಅಡ್ಡ ಬಂದರೆ ಮಷಿನ್ ತಾನೇ ನಿಲ್ಲುವಂಥ ಸೆನ್ಸರ್ ಹಾಕಿಸೋಣವೇ ಎಂದು ಕೇಳಿದೆ.

"ಹಾಕ್ಸಿದ್ರೆ ಬೈಬ್ಯಾಕ್ ದುಡ್ಡಲ್ಲಿ ಮುಕ್ಕಾಲು ಹೋಗುತ್ತೆ ಕಣೋ," ಎಂದ ಶಿವಣ್ಣ.

ಗೋಪಿ ಎದ್ದು ಕೆಳಗಿಳಿದು ಹೋದ. ವಾಪಸ್ ಬಂದವನ ಕೈಯಲ್ಲಿ ನಾಲ್ಕು ರಟ್ಟಿನ ತುಂಡು! ಟೇಬಲ್ ಮೇಲೆ ಹಾಕಿ, "ಹಾಕ್ಸಪ್ಪ ಸೆನ್ಸರ್. ಇವನ ಸೋಫಾ ಮುಂದಿನ ವರ್ಷ ಬರ್ಲಿ," ಎಂದ. (ಸೋಫಾ ವಿಷಯ ಅವನಿಗೆ ಹೇಳಿದ್ದು ನನ್ನದೇ ತಪ್ಪು.)

ಮೊನ್ನೆ ಮತ್ತೆ ಹೋಗಿದ್ದೆ. ಸೆನ್ಸರ್ ಬಂದಿದೆ. ಈಗ ಒಂದೇ ಬಟನ್ ಸಾಕು, ಕೆಲಸವೂ ನಿಧಾನವಾಗಿಲ್ಲ. ರೇಣವ್ವ ಬೇಕೆಂದೇ ಕೈ ಚಾಚಿ, ಇಳಿಯುತ್ತಿದ್ದ ಮಷಿನ್ ನಿಲ್ಲಿಸಿ ತೋರಿಸಿದಳು. "ನಮ್ಮತ್ತೀಗಿಂತ ಚುರುಕ ಐತ್ರಿ ಇದು. ಕೈ ಹಾಕೂದ್ರಾಗ ಹಿಡೀತೈತಿ!" ಇಡೀ ಸಾಲು ಗೊಳ್ಳೆಂದಿತು. ನಾನೂ ನಕ್ಕೆ, ಈ ಸಲ ಕಣ್ಣು ತೆರೆದುಕೊಂಡೇ.

ಬೈಬ್ಯಾಕ್ ಬೇಡವೆನ್ನುವುದಿಲ್ಲ. ಆದರೆ ಹಣ ನಿಜಕ್ಕೂ ಮಿಕ್ಕಿದೆಯೇ ಎಂಬುದು ಮೇಲಿನ ಆಫೀಸಿನಲ್ಲೇ ಕೂತವರಿಗೆ ಹೇಗೆ ಗೊತ್ತಾಗಬೇಕು?