ಮಡಿಲಲ್ಲಿದ್ದ ಹೊಸ ಸೀರೆ

ಕಬ್ಬಿನ ದರಕ್ಕಾಗಿ ಜಮಖಂಡಿಯಲ್ಲಿ ಮುಧೋಳ ರಸ್ತೆ ಬಂದ್ ಮಾಡಿದ್ದೆವು. ಅಡ್ಡ ನಿಲ್ಲಿಸಿದ ಟ್ರ್ಯಾಕ್ಟರ್ ನನ್ನದೇ. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎನ್ನುವ ಠೇಂಕಾರವೂ ನನ್ನದೇ. ಅಂಬುಲೆನ್ಸ್‌ಗೆ ಮಾತ್ರ ದಾರಿ ಬಿಡುತ್ತಿದ್ದೆವು.

ಬೆಳಿಗ್ಗೆ ಸಾವಳಗಿ ಕಡೆಯಿಂದ ಒಂದು ಆಟೋ ಬಂತು. ಒಳಗಿದ್ದ ಮುದುಕಿ, "ಮುಧೋಳದಾಗ ತಂಗಿ ತೀರ್ಕೊಂಡಾಳ್ರಿ, ಮಣ್ಣಿಗೆ ಹೊಂಟೇನಿ. ಬಿಡ್ರಿ" ಎಂದಳು. ಅಂಥದೇ ಸುಳ್ಳು ಹೇಳಿ ದಾಟಲು ಆಗಲೇ ಇಬ್ಬರು ನೋಡಿದ್ದರು. ಆಕೆಯ ಮಡಿಲಲ್ಲಿ ಮಡಿಕೆ ಬಿಚ್ಚದ ರಬಕವಿ ಸೀರೆ ಕಂಡಿತು.

"ಮಣ್ಣಿಗೆ ಹೊಂಟೀರೋ, ಕುಬಸಕ್ಕ ಹೊಂಟೀರೋ?" ಎಂದೆ, ಬಸುರಿಗೆ ಸೀರೆ ಉಡಿಸುವ ಸೀಮಂತಕ್ಕೆ ಹೊರಟವಳೆಂಬಂತೆ. ಸುತ್ತಲಿನವರು ನಕ್ಕರು. ಮುದುಕಿ ಸೀರೆಯ ಮೇಲೆ ಸೆರಗು ಎಳೆದುಕೊಂಡು, ಬದಿಗೆ ನಿಲ್ಲಿಸಿದ ಆಟೋದಲ್ಲೇ ಕೂತಳು.

ತೀರಿಕೊಂಡ ಹೆಣ್ಣುಮಗಳಿಗೆ ಕೊನೆಗೆ ಹೊದಿಸುವುದು ತವರಿನ ಸೀರೆ. ನಮ್ಮ ಅವ್ವನಿಗೂ ಸೋದರಮಾವ ತಂದಿದ್ದ. ಅದು ನನಗೆ ನೆನಪಾದದ್ದು ಮಧ್ಯಾಹ್ನ, ಊಟಕ್ಕೆ ಕೂತಾಗ. ಆಗಲೂ ಏಳಲಿಲ್ಲ. ನಕ್ಕವರ ಮುಂದೆ ಮಾತು ಹಿಂತೆಗೆದುಕೊಳ್ಳಲು ನಾಚಿಕೆಯಾಯಿತು.

ಸಂಜೆ ತಹಸೀಲ್ದಾರ್ ಸಾಹೇಬರು ಬಂದು ದರದ ಭರವಸೆ ಕೊಟ್ಟರು. ಟ್ರ್ಯಾಕ್ಟರ್ ಸರಿಸಿ ನಾನೇ ಆಟೋದ ಹತ್ತಿರ ಹೋಗಿ, "ಹೋಗ್ರಿ ಅವ್ವಾ, ದಾರಿ ಬಿಟ್ಟೇವಿ" ಎಂದೆ.

ಆಕೆ ಆಟೋವನ್ನು ಸಾವಳಗಿ ಕಡೆಗೇ ತಿರುಗಿಸಲು ಹೇಳಿದಳು.

"ಮಣ್ಣ ಆಗಿರತೈತಿ, ತಮ್ಮಾ. ಈ ಸೀರಿ ಇನ್ನ ಯಾರಿಗೆ ಹೊಚ್ಚಲಿ?"