ಪ್ರೊಪೆಲ್ಲರ್ ಗಾಳಿಗೆ ತೂರಿದ ತೊಗರಿ

ವಿದ್ಯುತ್ ವಿಮಾನದ ಪ್ರೊಪೆಲ್ಲರ್ ಎಷ್ಟು ವೇಗಕ್ಕೆ ಓಲಾಡತೊಡಗುತ್ತದೆ ಎಂದು ಕಂಡುಹಿಡಿಯುವುದು ನನ್ನ ಕೆಲಸ. ದೋರನಹಳ್ಳಿ ಹತ್ತಿರದ ಬಯಲಲ್ಲಿ ಅದನ್ನು ಕಂಬಕ್ಕೆ ಬಿಗಿದು ತಿರುಗಿಸುತ್ತಿದ್ದೆ. ಪಕ್ಕದ ಕಣದಿಂದ ಶರಣಮ್ಮ ಎಂಬ ರೈತ ಮಹಿಳೆ ಮೊರ ಹಿಡಿದು ಬಂದರು.

"ಮೂರು ದಿನ ಆತ್ರಿ, ಗಾಳಿನ ಇಲ್ಲ. ನಿಮ್ಮ ಫ್ಯಾನಿನ ಮುಂದ ತೊಗರಿ ತೂರ್ಲೇನ್ರಿ?"

"ಅದು ಫ್ಯಾನ್ ಅಲ್ಲಮ್ಮ, ವಿಮಾನದ್ದು."

"ಇರ್ಲಿ ಬಿಡ್ರಿ, ಗಾಳಿಗೇನು ಗೊತ್ತಾಗ್ತದ?"

ದೂರ ನಿಂತು ತೂರಿ ಎಂದೆ. ಹೊಟ್ಟು ಹಾರುವುದನ್ನು ನೋಡುವ ಖುಷಿಯಲ್ಲಿ ಓಲಾಟ ತೋರಿಸುವ ಕಂಪ್ಯೂಟರ್ ಪರದೆ ನೋಡುವುದನ್ನೇ ಮರೆತು ವೇಗ ಏರಿಸುತ್ತಲೇ ಹೋದೆ.

"ಸಾಹೇಬ್ರ, ಸಾಕ್ರಿ! ಗಾಳಿ ಅತ್ತಾಗ ಇತ್ತಾಗ ಹೊಯ್ದಾಡಾಕತ್ತದ!"

ಗಾಬರಿಯಿಂದ ನಿಲ್ಲಿಸಿದೆ. ಓಲಾಟ ಆಗಷ್ಟೇ ಶುರುವಾಗಿತ್ತು. ಇನ್ನೊಂದು ನಿಮಿಷವಾಗಿದ್ದರೆ ಪ್ರೊಪೆಲ್ಲರ್ ಮುರಿಯುತ್ತಿತ್ತು.

ವರದಿಯಲ್ಲಿ, ಓಲಾಟವನ್ನು ಮೊದಲು ಗುರುತಿಸಿದ ಉಪಕರಣ ಯಾವುದೆಂದು ಬರೆಯಬೇಕಿತ್ತು. ಸ್ವಲ್ಪ ಯೋಚಿಸಿ, 'ಮೊರ' ಎಂದು ಬರೆದೆ.